ಪ್ರೀತಿಯ ದಿನ ಮತ್ತು ತವರಿನ ಬಾಗಿಲು

(ಫೆಬ್ರವರಿ 14, ಸಂತ ಸಿರಿಲ್ ಮತ್ತು ಸಂತ ಮೆಥೋಡಿಯಸರ ಸ್ಮರಣೆಯಂದು ಮಮದಾಪುರದಲ್ಲಿ ಕುಟುಂಬಗಳಿಗಾಗಿ ಅರ್ಪಿಸಿದ ಬಲಿಪೂಜೆಯ ಪ್ರಬೋಧನೆ)



ಈ ದಿನ ಧರ್ಮಸಭೆಯು ಇಬ್ಬರು ಅಣ್ಣತಮ್ಮಂದಿರನ್ನು ಸ್ಮರಿಸುತ್ತದೆ. ಒಂಬತ್ತನೆಯ ಶತಮಾನದಲ್ಲಿ ಥೆಸಲೋನಿಕ ಪಟ್ಟಣದಲ್ಲಿ ಹುಟ್ಟಿದ ಸಿರಿಲ್ ಮತ್ತು ಮೆಥೋಡಿಯಸ್ ಸ್ಲಾವ್ ಜನರ ನಡುವೆ ಹೋಗಿ, ಅವರ ನುಡಿಗೆ ಲಿಪಿ ಹೊಂದಿಸಿ, ಆ ನುಡಿಯಲ್ಲೇ ಪೂಜೆ ಪ್ರಾರ್ಥನೆಗಳನ್ನು ನಡೆಸಿದರು. ಹೀಬ್ರೂ, ಗ್ರೀಕ್, ಲತೀನ್ ಈ ಮೂರು ಭಾಷೆಗಳಲ್ಲಿ ಮಾತ್ರ ದೇವರನ್ನು ಸ್ತುತಿಸಬೇಕೆಂದು ಹಟ ಹಿಡಿದವರು ಆ ಕಾಲದಲ್ಲಿದ್ದರು. ಈ ಸಹೋದರರು ಅದನ್ನು ಒಪ್ಪಲಿಲ್ಲ. ಸಿರಿಲ್ 869ರ ಫೆಬ್ರವರಿ 14ರಂದು ರೋಮಿನಲ್ಲಿ ತೀರಿಕೊಂಡರು. ಆದ್ದರಿಂದ ನಮ್ಮ ಪಂಚಾಂಗದಲ್ಲಿ ಈ ದಿನ ಅವರದು.

ಆದರೆ ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಇವತ್ತು ಯಾವ ದಿನವೆಂದು ಯಾರನ್ನಾದರೂ ಕೇಳಿ ನೋಡಿ. ಸಿರಿಲರ ಹೆಸರು ಬಾರದು, ವ್ಯಾಲೆಂಟೈನನ ಹೆಸರು ಬರುತ್ತದೆ. ಪ್ರತಿ ವರ್ಷ ಈ ಹೊತ್ತಿಗೆ ಯುವಜನರು ನಮ್ಮನ್ನು ಕೇಳುವುದುಂಟು: "ಫಾದರ್, ಅವರು ನಮ್ಮ ಸಂತರೇ ಅಲ್ಲೇನ್ರಿ? ಹಂಗಾದ್ರ ನಾವು ಈ ದಿನ ಮಾಡಿದ್ರ ತಪ್ಪೇನದ?" ಇದಕ್ಕೆ ಹೌದು ಅಥವಾ ಅಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಿ ಮುಂದೆ ಹೋಗಬಹುದು. ಆದರೆ ಆ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಅಡಗಿದೆ. ಇಂದು ಅದನ್ನೇ ಕೈಗೆತ್ತಿಕೊಳ್ಳೋಣ.

ಮೊದಲು ಸಂತರ ವಿಷಯ. ಮೂರನೆಯ ಶತಮಾನದಲ್ಲಿ ವ್ಯಾಲೆಂಟೈನ್ ಎಂಬ ರಕ್ತಸಾಕ್ಷಿಯೊಬ್ಬರನ್ನು ರೋಮಿನ ಹೊರಗೆ ಫ್ಲಮೀನಿಯಾ ಹೆದ್ದಾರಿಯ ಬಳಿ ಸಮಾಧಿ ಮಾಡಿದರು ಎಂಬಷ್ಟು ಗಟ್ಟಿಯಾಗಿದೆ. ಒಬ್ಬರು ರೋಮಿನ ಯಾಜಕರು, ಇನ್ನೊಬ್ಬರು ತೆರ್ನಿ ಪಟ್ಟಣದ ಧರ್ಮಾಧ್ಯಕ್ಷರು ಎಂದು ಎರಡು ಕಥೆಗಳಿವೆ. ಸೈನಿಕರಿಗೆ ಗುಟ್ಟಾಗಿ ಮದುವೆ ಮಾಡಿಸಿದರು, ಸೆರೆಮನೆಯಿಂದ ಓಲೆ ಬರೆದರು ಎಂಬುದೆಲ್ಲ ಬಹಳ ತಡವಾಗಿ ಸೇರಿಕೊಂಡ ಕಥೆ. ಈ ದಿನಕ್ಕೂ ಪ್ರೇಮಕ್ಕೂ ನಂಟು ಕಾಣಿಸಿಕೊಳ್ಳುವುದು ಹದಿನಾಲ್ಕನೆಯ ಶತಮಾನದ ಇಂಗ್ಲೆಂಡಿನಲ್ಲಿ. ಹಕ್ಕಿಗಳು ಈ ದಿನ ತಮ್ಮ ಜೊತೆಗಾರರನ್ನು ಆರಿಸಿಕೊಳ್ಳುತ್ತವೆಂಬ ಕಲ್ಪನೆಯನ್ನು ಕವಿ ಚಾಸರ್ ತನ್ನ ಕಾವ್ಯದಲ್ಲಿ ತಂದ. 1969ರಲ್ಲಿ ಧರ್ಮಸಭೆಯು ತನ್ನ ಪೂಜಾ ಪಂಚಾಂಗವನ್ನು ತಿದ್ದಿದಾಗ, ಚರಿತ್ರೆಯ ಆಧಾರ ತೀರಾ ಕಡಿಮೆ ಎಂಬ ಕಾರಣಕ್ಕೆ ವ್ಯಾಲೆಂಟೈನರ ಸ್ಮರಣೆಯನ್ನು ಸಾರ್ವತ್ರಿಕ ಪಂಚಾಂಗದಿಂದ ಕೈಬಿಟ್ಟಿತು. ರಕ್ತಸಾಕ್ಷಿಗಳ ಪಟ್ಟಿಯಲ್ಲಿ ಅವರ ಹೆಸರು ಇಂದಿಗೂ ಇದೆ. ಧರ್ಮಸಭೆ ಬಿಟ್ಟ ದಿನವನ್ನು ಅಂಗಡಿಯವರು ಎತ್ತಿಕೊಂಡರು ಎಂದು ಹೇಳಿದರೂ ತಪ್ಪಾಗದು. 2018ರಲ್ಲೂ 2024ರಲ್ಲೂ ವಿಬೂದಿ ಬುಧವಾರ ಈ ದಿನವೇ ಬಂದಾಗ ಹಣೆಗೆ ಬೂದಿ, ಕೈಗೆ ಗುಲಾಬಿ ಎಂದು ಯುವಜನರು ನಕ್ಕಿದ್ದರು.

ಬೇರೆ ದೇಶಗಳಲ್ಲಿ ಏನು ಮಾಡುತ್ತಾರೆ? ಜಪಾನಿನಲ್ಲಿ ಈ ದಿನ ಹೆಂಗಸರು ಗಂಡಸರಿಗೆ ಚಾಕಲೇಟು ಕೊಡುತ್ತಾರೆ, ಗಂಡಸರು ಒಂದು ತಿಂಗಳ ನಂತರ ಮಾರ್ಚ್ 14ಕ್ಕೆ ಮರಳಿ ಕೊಡುತ್ತಾರೆ. ಎರಡೂ ಮಿಠಾಯಿ ಕಂಪನಿಗಳು ಬೆಳೆಸಿದ ರೂಢಿ. ಬ್ರೆಜಿಲಿನಲ್ಲಿ ಪ್ರೇಮಿಗಳ ದಿನ ಜೂನ್ 12. ಮಾರನೆಯ ದಿನವೇ ನಮಗೆಲ್ಲ ಬಲು ಪ್ರಿಯರಾದ ಸಂತ ಅಂತೋಣಿಯವರ ಹಬ್ಬ. ಅಲ್ಲಿನ ಜನ ಅವರನ್ನು ಮದುವೆ ಕೂಡಿಸುವ ಸಂತರೆಂದು ನಂಬುತ್ತಾರೆ. ಆದರೆ ಆ ದಿನವನ್ನು ಹುಟ್ಟುಹಾಕಿದ್ದು 1940ರ ದಶಕದ ಕೊನೆಯಲ್ಲಿ ಒಬ್ಬ ಜಾಹೀರಾತುಗಾರ, ಜೂನ್ ತಿಂಗಳ ವ್ಯಾಪಾರ ಹೆಚ್ಚಿಸಲಿಕ್ಕೆ. ಫಿನ್ಲೆಂಡಿನವರು ಮಾತ್ರ ಇದೇ ಫೆಬ್ರವರಿ 14ನ್ನು ಗೆಳೆಯರ ದಿನ ಎಂದು ಕರೆದರು. ಒಂಟಿಯಾಗಿರುವ ಅಜ್ಜಿಗೂ ಅಲ್ಲಿ ಒಂದು ಕಾರ್ಡು ಬಂದೀತು. ಅರ್ಜೆಂಟೀನಾದಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಜುಲೈ 20ನ್ನು ಸ್ನೇಹಿತರ ದಿನವಾಗಿ ಆಚರಿಸುತ್ತಾರೆ. ವಿಶ್ವಸಂಸ್ಥೆ 2011ರಲ್ಲಿ ಜುಲೈ 30ನ್ನು ಸ್ನೇಹದ ದಿನವೆಂದು ಸಾರಿತು. ನಮ್ಮ ಹುಡುಗರು ಕೈಗೆ ಪಟ್ಟಿ ಕಟ್ಟಿಕೊಳ್ಳುವುದು ಆಗಸ್ಟ್ ಮೊದಲ ಭಾನುವಾರ.

ಇವೆಲ್ಲಕ್ಕಿಂತ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸುವುದು ಚೀನಾದವರ ಹಬ್ಬ. ಅವರ ಏಳನೆಯ ತಿಂಗಳ ಏಳನೆಯ ದಿನ ಅದು ಬರುತ್ತದೆ. ದೇವಲೋಕದಲ್ಲಿ ಬಟ್ಟೆ ನೇಯುವ ಹುಡುಗಿ, ಭೂಮಿಯಲ್ಲಿ ದನ ಕಾಯುವ ಹುಡುಗ. ಇಬ್ಬರೂ ಮೆಚ್ಚಿ ಮದುವೆಯಾಗಿ ಮಕ್ಕಳನ್ನು ಪಡೆದರು. ದೇವಲೋಕದ ಹಿರಿಯರಿಗೆ ಈ ಸಂಬಂಧ ಸರಿಬರಲಿಲ್ಲ. ದೇವರಾಣಿ ತನ್ನ ತಲೆಯ ಪಿನ್ನು ತೆಗೆದು ಆಕಾಶದಲ್ಲಿ ಗೀರಿದಳು. ಆ ಗೀರೇ ಹೊಳೆಯಾಯಿತು. ರಾತ್ರಿ ಮಾಳಿಗೆಯ ಮೇಲೆ ಮಲಗಿದಾಗ ನಾವು ಕಾಣುವ ಆಕಾಶಗಂಗೆಯೇ ಆ ಹೊಳೆ. ಅವಳು ಒಂದು ದಡ, ಅವನು ಇನ್ನೊಂದು ದಡ. ವರ್ಷಕ್ಕೆ ಒಂದು ರಾತ್ರಿ ಮಾತ್ರ ಹಕ್ಕಿಗಳೆಲ್ಲ ಸೇರಿ ತಮ್ಮ ರೆಕ್ಕೆಗಳಿಂದಲೇ ಸೇತುವೆ ಕಟ್ಟುತ್ತವೆ, ಇಬ್ಬರೂ ಭೇಟಿಯಾಗುತ್ತಾರೆ. ಎಷ್ಟು ದೂರದ ನಾಡಿನ ಕಥೆ! ಆದರೂ ಇದರಲ್ಲಿ ನಮಗೆ ಗೊತ್ತಿಲ್ಲದ್ದು ಏನಿದೆ? ಅಂತಸ್ತು, ಕುಲ, ಹಿರಿಯರ ಸಿಟ್ಟು, ನಡುವೆ ಎಳೆದ ಗೆರೆ, ಎಲ್ಲವೂ ನಮಗೆ ಗೊತ್ತಿರುವುದೇ.

ಈ ದಿನವನ್ನು ನಮ್ಮ ನಾಡು ಹೇಗೆ ಎದುರುಗೊಂಡಿತು ಎಂಬುದೂ ನಿಮಗೆ ನೆನಪಿದೆ. 2009ರ ಜನವರಿ 24ರಂದು ಮಂಗಳೂರಿನ ಪಬ್ಬೊಂದರಲ್ಲಿ ಹೆಣ್ಣುಮಕ್ಕಳನ್ನು ಎಳೆದು ಹೊಡೆದ ದೃಶ್ಯವನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಅದರ ಬೆನ್ನಲ್ಲೇ ಬಂದ ಫೆಬ್ರವರಿ 14ಕ್ಕೆ ಜೋಡಿಗಳನ್ನು ಹಿಡಿದು ಮದುವೆ ಮಾಡಿಸುತ್ತೇವೆ ಎಂಬ ಬೆದರಿಕೆಯೂ ಕೇಳಿಬಂತು. ಮದುವೆಯನ್ನೇ ಬೆದರಿಕೆಯಾಗಿ ಬಳಸಬಹುದು ಎಂದು ಆಗಲೇ ಗೊತ್ತಾದದ್ದು! 2023ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿಯು ಈ ದಿನ ಹಸುವನ್ನು ಅಪ್ಪಿಕೊಳ್ಳಿ ಎಂದು ಕರೆ ಕೊಟ್ಟು, ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡಿತು. ಒಂದು ಕಡೆ ಅಂಗಡಿ, ಇನ್ನೊಂದು ಕಡೆ ಬಡಿಗೆ. ಈ ಎರಡರ ನಡುವೆ ನಮ್ಮ ಮಕ್ಕಳಿದ್ದಾರೆ.

ಹಾಗಾದರೆ ನಮ್ಮ ನೆಲದಲ್ಲಿ ಪ್ರೀತಿಗೆ, ಸ್ನೇಹಕ್ಕೆ ಹಬ್ಬವೇ ಇರಲಿಲ್ಲವೇ? ಇಲ್ಲಿ ಸಂತ ಸಿರಿಲ್ ನಮ್ಮ ನೆರವಿಗೆ ಬರುತ್ತಾರೆ. ಪರಭಾಷೆಯಲ್ಲಿ ಹೇಳಿಕೊಡಬೇಡಿ, ಅವರವರ ನುಡಿಯಲ್ಲಿ ಏನಿದೆ ನೋಡಿ ಎಂಬುದು ಅವರು ಬಾಳಿ ತೋರಿಸಿದ ದಾರಿ. ನಮ್ಮ ನುಡಿಯಲ್ಲಿ ಏನೇನಿದೆ ನೋಡೋಣ.

ವಿಜಯದಶಮಿಯ ಸಂಜೆ ಈ ಸೀಮೆಯ ಯಾವ ಊರಿಗೆ ಹೋದರೂ ಜನ ಊರ ಎಲ್ಲೆ ದಾಟಿ ಬನ್ನಿ ಗಿಡದ ಬಳಿ ಹೋಗುತ್ತಾರೆ. ಅದಕ್ಕೆ ಸೀಮೋಲ್ಲಂಘನ ಎಂದೇ ಹೆಸರು. ಸೀಮೆ ದಾಟದೆ ಬನ್ನಿ ಸಿಗದು. ಎಲೆ ಹಿಡಿದು ಬಂದವರು ಮನೆಮನೆಗೆ ಹೋಗಿ "ಬನ್ನಿ ತಗೊಂಡು ಬಂಗಾರದಂಗ ಇರೋಣ" ಎಂದು ಕೈಗೆ ಕೈ ಸೇರಿಸುತ್ತಾರೆ. ಕಿರಿಯರು ಹಿರಿಯರ ಕಾಲಿಗೆ ಎರಗುತ್ತಾರೆ, ಓರಗೆಯವರು ಅಪ್ಪಿಕೊಳ್ಳುತ್ತಾರೆ. ಹೊಲದ ಬದುವಿನ ಜಗಳದಲ್ಲಿ ಮಾತು ಬಿಟ್ಟವರು, ಪಂಚಾಯ್ತಿ ಚುನಾವಣೆಯಲ್ಲಿ ಮುಖ ತಿರುಗಿಸಿದವರು, ಪಾಲು ಹರಿದು ಬೇರೆಯಾದ ಅಣ್ಣತಮ್ಮಂದಿರು, ಎಲ್ಲರಿಗೂ ಆ ಸಂಜೆ ಒಂದು ನೆವ ಸಿಗುತ್ತದೆ. ಯಾರು ಮೊದಲು ಸೋತರು ಎಂದು ಅಂದು ಯಾರೂ ಕೇಳುವುದಿಲ್ಲ. ಎಲೆ ಮುಂದೆ ಚಾಚಿದವನ ಕೈಯನ್ನು ತಳ್ಳುವುದು ನಮ್ಮ ಕಡೆ ದೊಡ್ಡ ಅವಮರ್ಯಾದೆ. ಎಷ್ಟೋ ಊರುಗಳಲ್ಲಿ ಮುಸ್ಲಿಂ ನೆರೆಯವರೂ ಬನ್ನಿ ತೆಗೆದುಕೊಳ್ಳುತ್ತಾರೆ, ರಂಜಾನಿಗೆ ಅವರ ಮನೆಯ ಸುರಕುಂಬಾ ಇವರ ಮನೆಗೆ ಬರುತ್ತದೆ. ನಮ್ಮ ಕ್ರೈಸ್ತ ಕುಟುಂಬಗಳ ಬಾಗಿಲಿಗೂ ಬನ್ನಿ ಬರುತ್ತದೆ, ನಾವೂ ಕೈಯೊಡ್ಡಿ ತೆಗೆದುಕೊಳ್ಳುತ್ತೇವೆ. ಕೇಳಿದರೆ ನಾವು ಧೈರ್ಯವಾಗಿ ಹೇಳುತ್ತೇವೆ: ಫ್ರೆಂಡ್‌ಶಿಪ್ ಡೇ ನಮಗೆ ಹೊರಗಿನಿಂದ ಬರಬೇಕಾಗಿರಲಿಲ್ಲ.

ಸಂಕ್ರಾಂತಿಯ ಕುಸುರೆಳ್ಳು ಇದರ ತಂಗಿ ಎನ್ನಬಹುದು. ಆ ಹಬ್ಬದಲ್ಲೇ, ಕನ್ನಡಿಗರು ಬಹಳ ಮಂದಿ ಇರುವ ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರರ ಜಾತ್ರೆ ನಡೆಯುತ್ತದೆ. ಹನ್ನೆರಡನೆಯ ಶತಮಾನದ ಆ ಶಿವಯೋಗಿಯನ್ನು ಕುಂಬಾರರ ಮಗಳೊಬ್ಬಳು ಮೆಚ್ಚಿದಳಂತೆ. ಯೋಗಿ ಮದುವೆಯಾಗಲಾರರು. ತಮ್ಮ ಯೋಗದಂಡದೊಡನೆ ಅವಳ ಮದುವೆಗೆ ಒಪ್ಪಿದರಂತೆ. ಇಂದಿಗೂ ಪ್ರತಿ ವರ್ಷ ಏಳು ನಂದಿಧ್ವಜಗಳ ಮೆರವಣಿಗೆಯಲ್ಲಿ ಆ ಮದುವೆಯ ಅಕ್ಷತೆ ಬೀಳುತ್ತದೆ, ಸಾವಿರಾರು ಜನ ಬಿಳಿ ಬಟ್ಟೆ ಉಟ್ಟು ಬೀಗರಂತೆ ನಿಲ್ಲುತ್ತಾರೆ. ಒಬ್ಬ ಬಡ ಹುಡುಗಿಯ ಮನಸ್ಸನ್ನು ಒಂದು ಊರು ಇಷ್ಟು ಶತಮಾನಗಳ ಕಾಲ ಗೌರವದಿಂದ ನೆನೆದಿದೆ.

ಇನ್ನು ಪಂಚಮಿ. ತಾಯಂದಿರೇ, ಇದನ್ನು ನಿಮಗೆ ಹೇಳಿಕೊಡಬೇಕೇ? ಶ್ರಾವಣ ಬಂತೆಂದರೆ ಗಂಡನ ಮನೆಯ ಮಗಳ ಕಣ್ಣು ದಾರಿಯ ಮೇಲೆ. ಅಣ್ಣನೋ ತಮ್ಮನೋ ಕರೆಯಲು ಬರುತ್ತಾನೆ. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳು, ಬೇವಿನ ಗಿಡಕ್ಕೆ ಕಟ್ಟಿದ ಜೋಕಾಲಿ, ಬೇರೆ ಬೇರೆ ಊರಿಗೆ ಹೋದ ಗೆಳತಿಯರೆಲ್ಲ ಒಂದೆಡೆ ಸೇರಿ ನಕ್ಕು ಅತ್ತು ಹಗುರಾಗುವ ನಾಲ್ಕು ದಿನ. ಹೆಣ್ಣುಮಕ್ಕಳ ಸ್ನೇಹಕ್ಕೆಂದೇ ಇಂಥ ಹಬ್ಬ ಜಗತ್ತಿನಲ್ಲಿ ಎಷ್ಟಿವೆಯೋ! ಪ್ರಾಯಕ್ಕೆ ಬಂದ ಹುಡುಗಿಯರು ಯಾರ ಹೆದರಿಕೆಯೂ ಇಲ್ಲದೆ ಜೀಕುವ ದಿನಗಳು ಅವು.

ಪ್ರಿಯರೇ, ಈಗ ಆ ಅಡಗಿದ ಪ್ರಶ್ನೆಗೆ ಬರೋಣ. ಬನ್ನಿ ಎಲ್ಲರ ಕೈ ಸೇರುತ್ತದೆ, ಶತ್ರುವಿನ ಕೈಯನ್ನೂ ಸೇರುತ್ತದೆ. ಪಂಚಮಿಗೆ ಎಲ್ಲ ಹೆಣ್ಣುಮಕ್ಕಳನ್ನೂ ಕರೆಯುತ್ತಾರೆ. ಕರೆಯದೆ ಉಳಿಯುವವಳು ಒಬ್ಬಳಿದ್ದಾಳೆ. ತಾನೇ ಮೆಚ್ಚಿದವನನ್ನು, ಅದೂ ಬೇರೆ ಕುಲದವನನ್ನು ಮದುವೆಯಾದ ಮಗಳು. ಅವಳ ಹೆಸರನ್ನೇ ಮನೆಯಲ್ಲಿ ಎತ್ತುವುದಿಲ್ಲ. ತಾಯಿ ಉಂಡಿ ಕಟ್ಟುವಾಗ ಒಂದು ಪಾಲು ಹೆಚ್ಚಿಗೆ ಕಟ್ಟಿ, ಕೊಡಲು ಯಾರೂ ಸಿಗದೆ ಡಬ್ಬಿಯಲ್ಲಿ ಮುಚ್ಚಿಡುತ್ತಾಳೆ.

ಕರೆಯದಿರುವುದಕ್ಕಷ್ಟೇ ಈ ಸಿಟ್ಟು ನಿಲ್ಲುವುದಿಲ್ಲ ಎಂಬುದನ್ನು ನಮ್ಮ ಜಿಲ್ಲೆಯೇ ಕಂಡಿದೆ. 2017ರ ಜೂನ್‌ನಲ್ಲಿ ಅಂದಿನ ಮುದ್ದೇಬಿಹಾಳ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಬೇರೆ ಸಮುದಾಯದ ಯುವಕನನ್ನು ಮದುವೆಯಾಗಿದ್ದ ಹುಡುಗಿಯೊಬ್ಬಳು, ತಾನು ಗರ್ಭಿಣಿ, ಇನ್ನಾದರೂ ತವರಿನವರು ಒಪ್ಪಿಯಾರು ಎಂದು ನಂಬಿ ಊರಿಗೆ ಮರಳಿದಳು. ತವರಿನವರೇ ಅವಳನ್ನು ಸುಟ್ಟು ಕೊಂದರು. 2021ರ ಜೂನ್‌ನಲ್ಲಿ ದೇವರ ಹಿಪ್ಪರಗಿ ತಾಲ್ಲೂಕಿನಲ್ಲಿ ಪ್ರೀತಿಸಿದ ಹುಡುಗ ಹುಡುಗಿ ಇಬ್ಬರನ್ನೂ ಕೊಂದರು. ಅವರು ಯಾವ ಧರ್ಮದವರು, ಯಾವ ಜಾತಿಯವರು ಎಂದು ಇಲ್ಲಿ ಹೇಳಲು ನಮಗೆ ಇಷ್ಟವಿಲ್ಲ. ಹೇಳಿದರೆ, ಅದು ಅವರ ಪೈಕಿ ನಡೆಯುವಂಥದ್ದು, ನಮ್ಮಲ್ಲಿ ಇಲ್ಲ ಎಂದು ಕೇಳಿದವರೆಲ್ಲ ನಿರಾಳರಾಗುತ್ತಾರೆ. ನಮ್ಮಲ್ಲೂ ಜ್ಞಾನಸ್ನಾನದ ನೀರು ಜಾತಿಯನ್ನು ಪೂರ್ತಿ ತೊಳೆದಿಲ್ಲ. ಸಂಬಂಧ ಹುಡುಕುವಾಗ ನಾವು ಮೊದಲು ಕೇಳುವುದೇನು ಎಂಬುದು ಇಲ್ಲಿ ಕೂತ ಪ್ರತಿಯೊಬ್ಬರಿಗೂ ಗೊತ್ತು.

ಇದೇ ಜಿಲ್ಲೆಯ ಬಾಗೇವಾಡಿ ಸೀಮೆಯಲ್ಲಿ ಹುಟ್ಟಿದ ಬಸವಣ್ಣನವರ ಕಾಲದ ಸಂಗತಿಯನ್ನು ನೆನೆಯೋಣ. ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರ ಮಗನಿಗೂ, ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳಿಗೂ ಮದುವೆಯಾಯಿತು. ಅರಸನ ಸಿಟ್ಟು ಎರಗಿತು. ಹರಳಯ್ಯ, ಮಧುವರಸ ಇಬ್ಬರನ್ನೂ ಎಳೆಸಿ ಕೊಲ್ಲಿಸಿದರೆಂದು ಶರಣ ಪರಂಪರೆ ಹೇಳುತ್ತದೆ. ಇದನ್ನು ಶಾಲೆಯಲ್ಲಿ ಓದುತ್ತೇವೆ, ಜಯಂತಿಯ ಭಾಷಣಗಳಲ್ಲಿ ಕೇಳುತ್ತೇವೆ. ಆದರೆ ಒಂದು ಅಂಶವನ್ನು ಗಮನಿಸಿದ್ದೇವೆಯೇ? ಅಲ್ಲಿ ಸತ್ತವರು ಅಪ್ಪಂದಿರು. ಮಕ್ಕಳ ಮದುವೆಗೆ ತಾವು ನಿಂತು, ಅದರ ಬೆಲೆಯನ್ನು ತಮ್ಮ ಪ್ರಾಣದಿಂದ ತೆತ್ತವರು. ಎಂಟುನೂರು ವರ್ಷಗಳ ನಂತರ ಅದೇ ನೆಲದಲ್ಲಿ ಅಪ್ಪ ಅಣ್ಣಂದಿರ ಕೈಯಿಂದ ಮಕ್ಕಳು ಸಾಯುತ್ತಿದ್ದಾರೆ.

ನಮ್ಮ ಪವಿತ್ರ ಗ್ರಂಥವೂ ಈ ವಿಷಯದಲ್ಲಿ ಸುಮ್ಮನಿಲ್ಲ. ಸಂತ ಮತ್ತಾಯರ ಶುಭಸಂದೇಶದ ಮೊದಲ ಅಧ್ಯಾಯ ಓದುವಾಗ ಬರೀ ಹೆಸರುಗಳ ಪಟ್ಟಿಯೆಂದು ನಿದ್ದೆ ಬರುವುದುಂಟು. ಆದರೆ ಆ ಪಟ್ಟಿಯಲ್ಲಿ ರೂತಳ ಹೆಸರಿದೆ. ಅವಳು ಮೋವಾಬ್ಯಳು, ಇಸ್ರಯೇಲರು ದೂರವಿಟ್ಟ ಜನಾಂಗದವಳು. ಬೆತ್ಲೆಹೇಮಿನ ಬೋವಜನು ಅವಳನ್ನು ಕೈಹಿಡಿದ. ಆ ಮನೆತನದಲ್ಲೇ ದಾವೀದ, ಆ ಮನೆತನದಲ್ಲೇ ಪ್ರಭು ಯೇಸು. ಊರಿನ ಹಿರಿಯರು ಅಂದು ಅಡ್ಡ ನಿಂತಿದ್ದರೆ? ಅವರು ಊರ ಬಾಗಿಲಲ್ಲಿ ಕೂತು ಸಾಕ್ಷಿಯಾಗಿ ಹರಸಿದರು. ಸ್ನೇಹದ ಮಾತು ಬಂದರೆ ಯೋನಾತಾನನನ್ನು ನೋಡಿ. ಅಪ್ಪ ಸೌಲ ಅರಸ ಹಗೆ ಸಾಧಿಸುತ್ತಿದ್ದ ಕುರಿಕಾಯುವ ಹುಡುಗ ದಾವೀದನಿಗೆ ಈ ರಾಜಕುಮಾರ ಪ್ರಾಣಮಿತ್ರ.

ಹಿರಿಯರು ಹೀಗೆ ಕೇಳಬಹುದು: "ಫಾದರ್, ಹಂಗಂತ ಹುಡುಗ ಹುಡುಗಿ ಹೇಳಿದ್ದಕ್ಕೆಲ್ಲ ಹೂಂ ಅನ್ನಬೇಕೇನ್ರಿ?" ಇಲ್ಲ. ಹದಿನೆಂಟು ತುಂಬದ ಹುಡುಗಿಯನ್ನು ಕರೆದೊಯ್ಯುವುದು ಪ್ರೀತಿಯಲ್ಲ, ಕಾನೂನಿನ ಮುಂದೆ ಅಪರಾಧ. ನಂಬಿಸಿ ಕೈಬಿಟ್ಟವರಿಂದ ನೊಂದ ಮನೆಗಳು ನಮಗೂ ಗೊತ್ತು. ತಾಯಿತಂದೆಯ ಹೆದರಿಕೆಗೆ ಅರ್ಥವಿದೆ. ಆದ್ದರಿಂದ ಯುವಜನರೇ, ನಿಮಗೂ ಒಂದು ಮಾತು. ಈ ಮಮದಾಪುರದ ಕೆರೆ ಕಟ್ಟಿಸಿದ ಮುಹಮ್ಮದ್ ಆದಿಲ್‌ಶಾಹನ ಗೋರಿಯನ್ನು ನೀವು ಗೋಳಗುಮ್ಮಟದಲ್ಲಿ ನೋಡಿದ್ದೀರಿ. ಬೇಗಮರ ಗೋರಿಗಳ ಜೊತೆಗೆ ಅಲ್ಲೇ ರಂಭಾ ಎಂಬ ನರ್ತಕಿಯ ಗೋರಿಯೂ ಇದೆ. ಮೆಚ್ಚಿದವಳಿಗೆ ಅವನ ಪಕ್ಕದಲ್ಲೇ ಸ್ಥಳ ಸಿಕ್ಕಿತು. ಅದೇ ವಿಜಯಪುರದ ಇನ್ನೊಂದು ಮೂಲೆಯಲ್ಲಿ ಸಾಠ್ ಕಬರ್ ಇದೆ, ಸಾಲುಸಾಲಾಗಿ ಹೆಂಗಸರ ಗೋರಿಗಳು. 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೊರಟ ಅಫಜಲಖಾನ, ತಾನು ಸತ್ತರೆ ಇವರು ಬೇರೆಯವರ ಪಾಲಾಗಬಾರದೆಂದು ತನ್ನ ಹೆಂಡಂದಿರನ್ನೆಲ್ಲ ಕೊಂದು ಹೋದ ಎಂದು ಜನ ಹೇಳುತ್ತಾರೆ. ಕಥೆಯೇ ಇರಲಿ. ಅವಳ ಮೊಬೈಲು ಕಸಿದು ನೋಡುವ, ಯಾರ ಜೊತೆ ಮಾತಾಡಿದೆ ಎಂದು ಲೆಕ್ಕ ಕೇಳುವ, ಒಲ್ಲೆ ಎಂದರೆ ಚಾಕು ಹಿಡಿಯುವ ಹುಡುಗನಲ್ಲಿ ಆ ಖಾನ ಇನ್ನೂ ಬದುಕಿದ್ದಾನೆ. ಗುಲಾಬಿ ಕೊಟ್ಟರೂ ಅವನು ಅವನೇ.

2014ರ ಇದೇ ದಿನ ಪೋಪ್ ಫ್ರಾನ್ಸಿಸರು ಸಂತ ಪೇತ್ರರ ಚೌಕದಲ್ಲಿ ಮದುವೆ ನಿಶ್ಚಯವಾದ ಸಾವಿರಾರು ಜೋಡಿಗಳನ್ನು ಭೇಟಿಯಾದರು. ಆ ದಿನವನ್ನು ಬೈಯದೆ, ಅಂಗಡಿಗೂ ಬಿಡದೆ, ಅನುಮತಿ ಕೇಳುವುದು, ಕೃತಜ್ಞತೆ ಹೇಳುವುದು, ಕ್ಷಮೆ ಬೇಡುವುದು ಈ ಮೂರನ್ನು ಕಲಿಯಿರಿ ಎಂದು ಬುದ್ಧಿ ಹೇಳಿ ಕಳಿಸಿದರು. ಮೊದಲನೆಯದು ಅನುಮತಿ ಎಂಬುದನ್ನು ಗಮನಿಸಿ. ನಮ್ಮ ವಿವಾಹ ಸಂಸ್ಕಾರವೂ ಅದರ ಮೇಲೆಯೇ ನಿಂತಿದೆ. ಮದುವೆಗೆ ಮೊದಲು ವರನನ್ನೂ ವಧುವನ್ನೂ ಬೇರೆ ಬೇರೆಯಾಗಿ ಕೂರಿಸಿ, ಯಾರ ಒತ್ತಾಯವೂ ಇಲ್ಲದೆ ಒಪ್ಪಿದ್ದೀಯಾ ಎಂದು ನಾವು ಕೇಳಿ ಬರೆದುಕೊಳ್ಳಬೇಕು. ಮನಸ್ಸಿಲ್ಲದೆ ಕೊಟ್ಟ ಒಪ್ಪಿಗೆಯಿಂದ ಮದುವೆಯೇ ಆಗದು ಎನ್ನುವುದು ಧರ್ಮಸಭೆಯ ಕಾನೂನು. ಅಮ್ಮನನ್ನು ಹೊರಗೆ ಕಳಿಸಿ ಬಾಗಿಲು ಅರೆ ಮುಚ್ಚಿ ಕೇಳಿದಾಗ, ಎಷ್ಟೋ ಹುಡುಗಿಯರು ಉತ್ತರ ಕೊಡುವ ಮೊದಲು ಬಾಗಿಲ ಕಡೆ ನೋಡುತ್ತಾರೆ. ಆ ನೋಟವನ್ನೂ ನಾವು ಓದಬೇಕಾಗುತ್ತದೆ.

ಹಾಗಾದರೆ ಯುವಜನರ ಪ್ರಶ್ನೆಗೆ ಉತ್ತರ: ಈ ದಿನ ಆಚರಿಸುವುದು ತಪ್ಪಲ್ಲ. ಆದರೆ ಬನ್ನಿಯ ಕಟ್ಟಳೆಯಂತೆ ಆಚರಿಸಿ. ಬನ್ನಿಯನ್ನು ಕದ್ದು ಕೊಡುವುದಿಲ್ಲ, ಹೊಸ್ತಿಲಿಗೆ ಹೋಗಿ ಎದುರು ನಿಂತು ಕೊಡುತ್ತೇವೆ. ಬೇಡ ಎಂದವರ ಕೈಗೆ ತುರುಕುವುದಿಲ್ಲ. ಹಿರಿಯರೇ, ನಿಮಗೂ ಅದೇ ಕಟ್ಟಳೆ. ಚಾಚಿದ ಕೈಯನ್ನು ತಳ್ಳಬಾರದು.

ಇಲ್ಲಿ ಸೇರಿದ ಕುಟುಂಬಗಳಲ್ಲಿ ಕೆಲವರ ಮಕ್ಕಳು ಗೋವಾದಲ್ಲಿ, ಮಂಗಳೂರಿನಲ್ಲಿ, ಸಾಂಗ್ಲಿ ಕಡೆಯ ಕಬ್ಬಿನ ಗ್ಯಾಂಗುಗಳಲ್ಲಿ ಇದ್ದಾರೆ. ಕೆಲವರು ದುಡಿಯಲು ಹೋದವರು, ಕೆಲವರು ಹೆದರಿ ಹೋದವರು. ಹೋದವರಲ್ಲಿ ಒಂದಿಬ್ಬರು ನಮಗೆ ಫೋನ್ ಮಾಡುತ್ತಾರೆ. ಅಪ್ಪನ ಆರೋಗ್ಯ ಕೇಳುತ್ತಾರೆ, ಮಳೆ ಆಯ್ತೇನ್ರಿ ಎನ್ನುತ್ತಾರೆ, ಆಮೇಲೆ ಸ್ವಲ್ಪ ಹೊತ್ತು ಏನೂ ಮಾತಾಡದೆ ಫೋನ್ ಇಡುತ್ತಾರೆ. ಪಂಚಮಿಗೆ ಇನ್ನೂ ಐದಾರು ತಿಂಗಳಿದೆ. ಮಗಳನ್ನು ಕರೆಯಬೇಕೆಂದು ಮನಸ್ಸಿದ್ದು, ಊರಿನವರು ಏನೆಂದಾರೋ ಎಂದು ಹಿಂದೆಮುಂದೆ ನೋಡುವ ತಂದೆತಾಯಂದಿರಿದ್ದರೆ ಒಬ್ಬರೇ ಹೋಗಬೇಡಿ, ನಾವೂ ಜೊತೆಗೆ ಬರುತ್ತೇವೆ. ಮನೆಗೆ ಕರೆಸಿಕೊಳ್ಳಲು ಈಗಲೇ ಧೈರ್ಯ ಸಾಲದಿದ್ದರೆ ಮೊದಲು ನಮ್ಮ ಮನೆಯಲ್ಲಿ ಭೇಟಿಯಾಗಬಹುದು, ಹೊರಗೆ ಯಾರಿಗೂ ಗೊತ್ತಾಗದು. ಬಲಿಪೂಜೆ ಮುಗಿದ ಮೇಲೆ ನಾವು ಇಲ್ಲೇ ಬೇವಿನ ಗಿಡದ ಕೆಳಗೆ ಇರುತ್ತೇವೆ. ಫೋನ್ ನಂಬರ್ ಬೇಕಾದವರು ಬಂದು ಕೇಳಿ.